ಉಳ್ಳಾಲದಲ್ಲಿ ಜಾಗ, ಮನೆ ತೆಗೆದುಕೊಳ್ಳುವವರಿಗೆ: ಮಳೆಗಾಲದ ಭೇಟಿಯಿಂದ ಖಾತೆ ಬದಲಾವಣೆಯವರೆಗೆ

ಮಂಗಳೂರಿನಿಂದ ನೇತ್ರಾವತಿ ಸೇತುವೆ ದಾಟಿದರೆ ಉಳ್ಳಾಲ. ಚೌಟ ಅರಸರು ಆಳಿದ, ರಾಣಿ ಅಬ್ಬಕ್ಕ 16ನೇ ಶತಮಾನದಲ್ಲಿ ಪೋರ್ಚುಗೀಸರನ್ನು ಎದುರಿಸಿದ ಊರು. ಒಂದು ಕಡೆ ಸಯ್ಯಿದ್ ಮದನಿ ದರ್ಗಾ, ಇನ್ನೊಂದು ಕಡೆ ಬಂಡೆಯ ಮೇಲೆ ಕಡಲಿಗೆ ಮುಖ ಮಾಡಿದ ಸೋಮೇಶ್ವರ ದೇವಸ್ಥಾನ, ನಡುವೆ ಮೊಗವೀರರ ಪಟ್ನ, ಬ್ಯಾರಿಗಳ ಕೇರಿ, ಕ್ರೈಸ್ತರ ಹಿತ್ತಲು, ಬಂಟರ, ಬಿಲ್ಲವರ ಹಳೆ ಮನೆ. ಮಂಗಳೂರು ಪೇಟೆಯ ಕದ್ರಿ, ಬೆಂದೂರುವೆಲ್ ಕಡೆಯ ರೇಟು ಕೇಳಿ ಸುಸ್ತಾದವರು ಈಗ ಇತ್ತ ನೋಡುತ್ತಿದ್ದಾರೆ. ನೋಡಬೇಕಾದ್ದೇ. ಬದುಕಲು ಒಳ್ಳೆಯ ಊರು ಇದು.

ಆದರೆ ಇಲ್ಲಿ ಹೆಚ್ಚಿನವರು ಉಲ್ಟಾ ಕ್ರಮದಲ್ಲಿ ಹೋಗುತ್ತಾರೆ. ಮೊದಲು ಮನೆ ನೋಡಿ ಮನಸ್ಸು ಕೊಡುತ್ತಾರೆ, ಆಮೇಲೆ ರೇಟು ಮಾತಾಡುತ್ತಾರೆ, ಮುಂಗಡ ಕೊಟ್ಟ ಮೇಲೆ ಕಾಗದ ತೆಗೆಯುತ್ತಾರೆ, ನೀರಿನ ವಿಷಯ ಗೊತ್ತಾಗುವುದು ಒಕ್ಕಲಾದ ಮೊದಲ ಬೇಸಿಗೆಯಲ್ಲಿ. ಉಳ್ಳಾಲದಲ್ಲಿ ಇದನ್ನು ಪೂರ್ತಿ ತಿರುಗಿಸಬೇಕು. ಮೊದಲು ನೀರು: ಕಡಲಿನದು, ಮಳೆಯದು, ಬಾವಿಯದು. ಆಮೇಲೆ ಜಾಗದ ಮೂಲ. ಮನೆ ಕೊನೆಗೆ. ಗೋಡೆ ಸರಿಮಾಡಬಹುದು, ಹಂಚು ಬದಲಿಸಬಹುದು. ಉಪ್ಪಾದ ಬಾವಿಯನ್ನೂ, ಸಹಿ ಹಾಕದೆ ಉಳಿದ ಅಕ್ಕ-ತಂಗಿಯರನ್ನೂ ಸರಿಮಾಡುವುದು ಅಷ್ಟು ಸುಲಭವಲ್ಲ.

ಹಂತ 1: ಯಾವ ಉಳ್ಳಾಲ ಎಂದು ತೀರ್ಮಾನಿಸಿ

ಹೊರಗಿನವರಿಗೆ ತೊಕ್ಕೊಟ್ಟಿನಿಂದ ತಲಪಾಡಿಯವರೆಗೂ ಉಳ್ಳಾಲವೇ. ಕಾಗದದಲ್ಲಿ ಹಾಗಿಲ್ಲ. ಉಳ್ಳಾಲಕ್ಕೆ ನಗರಸಭೆ ಇದೆ, ಸೋಮೇಶ್ವರಕ್ಕೆ ಪುರಸಭೆ, ಕೋಟೆಕಾರಿಗೆ ಪಟ್ಟಣ ಪಂಚಾಯತ್, ಅದರಾಚೆ ಗ್ರಾಮ ಪಂಚಾಯತ್‌ಗಳು. ಖಾತೆ ಯಾವ ನಮೂನೆಯಲ್ಲಿ ಸಿಗುತ್ತದೆ, ತೆರಿಗೆ ಎಷ್ಟು, ಕಸ ಯಾರು ಎತ್ತುತ್ತಾರೆ, ಮನೆ ಕಟ್ಟಲು ಪರವಾನಗಿ ಯಾರು ಕೊಡುತ್ತಾರೆ ಎಂಬುದೆಲ್ಲ ಇದರ ಮೇಲೆ ನಿಂತಿದೆ. ಆದ್ದರಿಂದ ಬ್ರೋಕರ್ ಹತ್ತಿರ ಕೇಳಬೇಕಾದ ಮೊದಲ ಪ್ರಶ್ನೆ ರೇಟಲ್ಲ. ಗ್ರಾಮ ಯಾವುದು, ಸರ್ವೆ ನಂಬರ್ ಯಾವುದು, ತೆರಿಗೆ ಎಲ್ಲಿ ಕಟ್ಟುತ್ತಾರೆ ಎಂದು ಕೇಳಿ. ಉಳ್ಳಾಲ ಈಗ ಪ್ರತ್ಯೇಕ ತಾಲ್ಲೂಕು, ಹಳೆ ದಸ್ತಾವೇಜುಗಳಲ್ಲಿ ಮಂಗಳೂರು ತಾಲ್ಲೂಕು ಎಂದೇ ಇರುತ್ತದೆ. ಅದನ್ನು ನೋಡಿ ಗಾಬರಿಯಾಗಬೇಡಿ.

ಬದುಕಿನ ದೃಷ್ಟಿಯಿಂದ ನೋಡಿದರೆ ಇಲ್ಲಿ ಮೂರು ಪಟ್ಟಿಗಳಿವೆ. ಕಡಲ ಪಟ್ಟಿ: ಕೋಟೆಪುರ, ಮೊಗವೀರಪಟ್ನ, ಮುಕ್ಕಚ್ಚೇರಿ, ಉಚ್ಚಿಲ, ಬಟ್ಟಪಾಡಿ. ಗಾಳಿ, ಮೀನು, ಮರಳು ಎಲ್ಲ ಇಲ್ಲಿದೆ, ಕಡಲ್ಕೊರೆತವೂ ಇಲ್ಲೇ. ಕೋಟೆಪುರದಲ್ಲಿ ಮೀನೆಣ್ಣೆ ಕಾರ್ಖಾನೆಗಳಿವೆ, ಗಾಳಿ ಬೀಸುವ ದಿಕ್ಕು ನೋಡಿಕೊಂಡು ಹೋಗಿ. ನಡುವಿನ ಪಟ್ಟಿ ಎಂದರೆ ತೊಕ್ಕೊಟ್ಟು, ಹೆದ್ದಾರಿ ಮತ್ತು ರೈಲು ಹಳಿಯ ಆಸುಪಾಸು. ಬಸ್ಸಿಗೆ ಕಾಯಬೇಕಾಗಿಲ್ಲ, ಸದ್ದು ಜಾಸ್ತಿ. ಮೂರನೆಯದು ಒಳಗಿನ ಗುಡ್ಡೆ ಪಟ್ಟಿ, ದೇರಳಕಟ್ಟೆ, ಕೊಣಾಜೆ ಕಡೆಗೆ. ಮೆಡಿಕಲ್ ಕಾಲೇಜುಗಳು, ಮಂಗಳೂರು ವಿಶ್ವವಿದ್ಯಾಲಯ ಇರುವ ಕಾರಣ ಬಾಡಿಗೆಗೆ ಕೊಡುವವರಿಗೆ ಇದೇ ಒಳ್ಳೆಯದು.

ದಿನಾ ಮಂಗಳೂರಿಗೆ ಹೋಗಿಬರುವವರು ಒಂದು ಕೆಲಸ ತಪ್ಪದೆ ಮಾಡಿ. ಬೆಳಿಗ್ಗೆ ಎಂಟೂವರೆಗೆ ತೊಕ್ಕೊಟ್ಟಿನಿಂದ ಹೊರಟು ಕಲ್ಲಾಪು, ನೇತ್ರಾವತಿ ಸೇತುವೆ, ಪಂಪ್‌ವೆಲ್ ದಾಟಿ ನಿಮ್ಮ ಆಫೀಸು ಮುಟ್ಟಿ ನೋಡಿ. ಈ ಕಡೆಯಿಂದ ಪೇಟೆಗೆ ಹೋಗುವ ಹೆಚ್ಚಿನ ವಾಹನಗಳು ನದಿ ದಾಟುವುದು ಆ ಸೇತುವೆಯಲ್ಲೇ. ಇಲ್ಲಿಂದ ನೇರ ಇನ್ನೊಂದು ಸೇತುವೆ ಬರುತ್ತದೆ, ಆಗ ಐದೇ ನಿಮಿಷ ಎಂದು ಯಾರಾದರೂ ಹೇಳಿದರೆ ಸಂತೋಷಪಡಿ, ಆದರೆ ಬಾರದ ಸೇತುವೆಗೆ ಈಗಲೇ ದುಡ್ಡು ಕೊಡಬೇಡಿ.

ಹಂತ 2: ಮಳೆಗಾಲದಲ್ಲಿ ಒಮ್ಮೆ, ಬೇಸಿಗೆಯಲ್ಲಿ ಒಮ್ಮೆ

ಡಿಸೆಂಬರ್‌ನಲ್ಲಿ ಉಳ್ಳಾಲದ ಯಾವ ಜಾಗವೂ ಚಂದವೇ. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ 3,500 ಮಿಲಿಮೀಟರ್‌ಗಿಂತ ಜಾಸ್ತಿ ಮಳೆ ಬೀಳುತ್ತದೆ, ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಜುಲೈಯಲ್ಲಿ ಎರಡು ದಿನ ಬಿಡದೆ ಮಳೆ ಹೊಡೆದ ಮರುದಿನ ಹೋಗಿ. ಅಂಗಳದಲ್ಲಿ ನೀರು ಎಷ್ಟು ಹೊತ್ತು ನಿಲ್ಲುತ್ತದೆ? ರಸ್ತೆಯ ನೀರು ಒಳಗೆ ಬರುತ್ತದೆಯೇ? ಪಕ್ಕದ ತೋಡು (ನೀರು ಹರಿಯುವ ಸಣ್ಣ ಹಳ್ಳ) ತುಂಬಿದರೆ ಎಲ್ಲಿಗೆ ಉಕ್ಕುತ್ತದೆ? ಆರ್‌ಟಿಸಿಯಲ್ಲಿ (ಪಹಣಿಯಲ್ಲಿ) ನಂಜ ಅಥವಾ ತರಿ ಎಂದಿದ್ದರೆ ಅದು ಹಿಂದೆ ಗದ್ದೆ. ಮಣ್ಣು ತುಂಬಿಸಿ ಎತ್ತರ ಮಾಡಿದ್ದರೂ ಸುತ್ತಲಿನ ನೀರು ಬರುವುದು ಅಲ್ಲಿಗೇ. ತೋಡನ್ನು ಕಲ್ಲು ಕಟ್ಟಿ ಕಿರಿದು ಮಾಡಿದ ಲೇಔಟ್‌ಗಳನ್ನು ನಾನಂತೂ ಯಾರಿಗೂ ಹೇಳುವುದಿಲ್ಲ.

ಕಡಲ ಪಟ್ಟಿಯಲ್ಲಾದರೆ ಕಡಲ್ಕೊರೆತ ಅರ್ಥಮಾಡಿಕೊಳ್ಳಬೇಕು. ನೇತ್ರಾವತಿ ಮತ್ತು ಗುರುಪುರ ನದಿಗಳು ಕಡಲು ಸೇರುವ ಅಳಿವೆಬಾಗಿಲಿನಲ್ಲಿ ದೋಣಿಗಳ ದಾರಿಗಾಗಿ ಕಲ್ಲಿನ ಬ್ರೇಕ್‌ವಾಟರ್‌ಗಳು, ಎಂದರೆ ಅಲೆ ತಡೆಯುವ ಗೋಡೆಗಳು ಇವೆ. ದಡದ ಉದ್ದಕ್ಕೂ ಮರಳು ಓಡಾಡುತ್ತಲೇ ಇರುತ್ತದೆ. ಅದನ್ನು ಒಂದು ಕಡೆ ತಡೆದರೆ ಇನ್ನೊಂದು ಕಡೆ ಕೊರತೆಯಾಗುತ್ತದೆ. ಮಳೆಗಾಲದ ಅಲೆ ಒಯ್ದ ಮರಳು ಬೇಸಿಗೆಯಲ್ಲಿ ವಾಪಸ್ ಬಂದರೆ ದಡ ಉಳಿಯುತ್ತದೆ, ಬಾರದಿದ್ದರೆ ವರ್ಷ ವರ್ಷ ಹಿಂದೆ ಸರಿಯುತ್ತದೆ. ಏಷ್ಯನ್ ಡೆವಲಪ್‌ಮೆಂಟ್ ಬ್ಯಾಂಕಿನ ನೆರವಿನಲ್ಲಿ ಉಳ್ಳಾಲದ ಕಡಲಿನೊಳಗೆ ರೀಫ್ (ಅಲೆ ಮುರಿಯುವ ದಿಬ್ಬ), ದಡದಲ್ಲಿ ಬರ್ಮ್ (ಕಲ್ಲಿನ ಒಡ್ಡು) ಹಾಕಿದ್ದಾರೆ. ಹಾಕಿದ ಕಡೆ ಒಂದಷ್ಟು ನೆಮ್ಮದಿ ಸಿಕ್ಕಿದೆ. ಅಲೆಯ ಹೊಡೆತ ಮಾತ್ರ ತೆಂಕಕ್ಕೆ, ಉಚ್ಚಿಲ, ಬಟ್ಟಪಾಡಿ ಕಡೆಗೆ ಮುಂದುವರಿದಿದೆ.

ದಡದಲ್ಲಿ ನಿಂತು ತೆಂಗಿನ ಮರಗಳನ್ನು ನೋಡಿ. ಬುಡದ ಮರಳು ಹೋಗಿ ಬೇರಿನ ಗೊಂಚಲು ಹೊರಗೆ ಬಂದು, ಮರ ಕಡಲಿನ ಕಡೆ ವಾಲಿದ್ದರೆ ಆ ದಡ ಈಗಲೂ ಕರಗುತ್ತಿದೆ ಎಂದು ಅರ್ಥ. ಹೊಸ ಕಲ್ಲಿನ ರಾಶಿಯ ಕೆಳಗೆ ಹಳೆ ಕಲ್ಲುಗಳು ಮರಳಲ್ಲಿ ಹೂತಿರುವುದು ಕಂಡರೆ ಇದು ಮೊದಲ ತಡೆಗೋಡೆಯಲ್ಲ. ಅಲ್ಲಿನ ಹಿರಿಯರ ಹತ್ತಿರ ಮಾತಾಡಿ. ಹಿಂದೆ ರಸ್ತೆ ಎಲ್ಲಿತ್ತು, ಬಲೆ ಒಣಗಿಸುತ್ತಿದ್ದದ್ದು ಎಲ್ಲಿ, ಯಾರ ಮನೆ ಹೋಯಿತು ಎಂದು ಅವರು ಬೆರಳಿಟ್ಟು ತೋರಿಸುತ್ತಾರೆ. ಆ ಬೆರಳು ಬಹಳ ಸಲ ಕಡಲಿನ ಕಡೆಗೇ ಇರುತ್ತದೆ.

ಇನ್ನೊಂದು ವಿಷಯ. ಕಡಲು ತಿಂದ ಜಾಗ ಆರ್‌ಟಿಸಿಯಲ್ಲಿ ಹಾಗೇ ಉಳಿದಿರುತ್ತದೆ. ಕಾಗದದಲ್ಲಿ 20 ಸೆಂಟ್ಸ್ ಇರಬಹುದು, ಕಾಲಿಡಲು ಸಿಗುವುದು 13 ಇರಬಹುದು. ಒಂದು ಸೆಂಟ್ಸ್ ಎಂದರೆ 435.6 ಚದರಡಿ, ಲೆಕ್ಕ ನೀವೇ ಹಾಕಿ. ಸರ್ವೆಯವರಿಂದ ಅಳತೆ ಮಾಡಿಸದೆ ಕಡಲ ಬದಿಯಲ್ಲಿ ರೇಟು ಮಾತಾಡಲೇಬೇಡಿ.

ಮನೆಗೆ ವಿಮೆ ಇದೆಯಲ್ಲ ಎನ್ನುವವರಿಗೆ: ಭಾರತ್ ಗೃಹ ರಕ್ಷಾ ಪಾಲಿಸಿ ಬಿರುಗಾಳಿ, ನೆರೆ ಎರಡಕ್ಕೂ ರಕ್ಷಣೆ ಕೊಡುತ್ತದೆ. ಕಡಲು ಅಥವಾ ನದಿ ದಡ ಕೊರೆದು ಆಗುವ ನಷ್ಟ ಅದರಲ್ಲಿ ಬರುವುದಿಲ್ಲ.

ಹಂತ 3: ಸಿಆರ್‌ಝಡ್ ರೇಖೆ ಎಲ್ಲಿದೆ?

ಸಿಆರ್‌ಝಡ್ ಎಂದರೆ ಕರಾವಳಿ ನಿಯಂತ್ರಣ ವಲಯ. ಈ ಕಡಲ ತೀರದ ನಿಯಮ ಮೊದಲು ಬಂದದ್ದು 1991ರಲ್ಲಿ, ಆಮೇಲೆ 2011ರಲ್ಲಿ, ಮತ್ತೆ 2019ರಲ್ಲಿ ಬದಲಾಯಿತು. ಭರತದ (ಕಡಲ ಉಬ್ಬರದ) ಗರಿಷ್ಠ ರೇಖೆಯಿಂದ ಒಳಗೆ 500 ಮೀಟರ್‌ವರೆಗೆ ಈ ನಿಯಮದ ವ್ಯಾಪ್ತಿ. ಭರತ ಏರುವ ನದಿ, ಹಿನ್ನೀರಿನ ದಡಕ್ಕೂ ಇದು ಇದೆ. ಅಲ್ಲಿ 2011ರ ಲೆಕ್ಕದಲ್ಲಿ 100 ಮೀಟರ್, 2019ರ ಲೆಕ್ಕದಲ್ಲಿ 50 ಮೀಟರ್, ಅಥವಾ ನೀರಿನ ಅಗಲ, ಯಾವುದು ಕಡಿಮೆಯೋ ಅದು. ನೇತ್ರಾವತಿ ದಡದ ಜಾಗಕ್ಕೆ ಸಿಆರ್‌ಝಡ್ ಇಲ್ಲ ಎಂದು ತಿಳಿದುಕೊಂಡವರು ಬಹಳ ಜನ. ಇದೆ.

ಮೊದಲೇ ಪೇಟೆಯಾಗಿ ಬೆಳೆದ ಕಡೆಯನ್ನು ಎರಡನೇ ವರ್ಗ ಎನ್ನುತ್ತಾರೆ. ಅಲ್ಲಿ ಈಗಿರುವ ರಸ್ತೆ ಅಥವಾ ಅಧಿಕೃತ ಕಟ್ಟಡದ ಒಳಬದಿಯಲ್ಲಿ ಮನೆ ಕಟ್ಟಬಹುದು. ಹಳ್ಳಿಯ ಸ್ವರೂಪದ ಕಡೆ ಮೂರನೇ ವರ್ಗ. ಅಲ್ಲಿ 200 ಮೀಟರ್ ಹೊಸ ಕಟ್ಟಡಕ್ಕೆ ನಿಷೇಧ. 2019ರ ನಿಯಮದಲ್ಲಿ ಜನ ದಟ್ಟವಾಗಿರುವ ಹಳ್ಳಿಗಳಿಗೆ ಇದನ್ನು 50 ಮೀಟರಿಗೆ ಇಳಿಸುವ ಅವಕಾಶ ಇದೆ. ನಿಷೇಧದ ಪಟ್ಟಿಯೊಳಗಿನ ಹಳೆ ಅಧಿಕೃತ ಮನೆಯನ್ನು ರಿಪೇರಿ ಮಾಡಬಹುದು, ಮತ್ತೆ ಕಟ್ಟಲೂಬಹುದು, ಆದರೆ ಅಡಿಪಾಯದ ಅಳತೆ ಹಿಂದಿನಷ್ಟೇ ಇರಬೇಕು. ಕಡಲ ಬದಿಯ ಹಂಚಿನ ಮನೆ ತೆಗೆದುಕೊಂಡು ಮೂರು ಮಹಡಿಯ ಹೋಮ್‌ಸ್ಟೇ ಮಾಡುವ ಆಸೆ ಇದ್ದರೆ ಇಲ್ಲಿಗೇ ನಿಲ್ಲಿಸಿ. ಮೀನುಗಾರ ಸಮುದಾಯಕ್ಕೆ ಕೊಟ್ಟ ವಿನಾಯಿತಿಯಲ್ಲಿ ಕಟ್ಟಿದ ಮನೆಯನ್ನು ಹೊರಗಿನವರು ಕೊಂಡರೆ ಆ ವಿನಾಯಿತಿ ಜೊತೆಗೆ ಬರುತ್ತದೆ ಎಂದೂ ಎಣಿಸಬೇಡಿ.

ಮಾಡಬೇಕಾದ ಕೆಲಸ ಸರಳ. ಸರ್ವೆ ನಂಬರ್, ಸರ್ವೆ ನಕ್ಷೆ ಹಿಡಿದುಕೊಂಡು ಮಂಗಳೂರಿನ ಸಿಆರ್‌ಝಡ್ ಕಚೇರಿಗೆ ಹೋಗಿ, ಈ ಜಾಗ ಯಾವ ವರ್ಗದಲ್ಲಿದೆ, ರೇಖೆಯಿಂದ ಎಷ್ಟು ದೂರ ಎಂದು ಬರವಣಿಗೆಯಲ್ಲಿ ಕೇಳಿ. ಪಕ್ಕದವರು ಕಟ್ಟಿದ್ದಾರಲ್ಲ ಎಂಬ ಮಾತು ಯಾವ ಕಚೇರಿಯಲ್ಲೂ ನಡೆಯುವುದಿಲ್ಲ.

ಹಂತ 4: ಬಾವಿ

ಮಳೆಗಾಲದಲ್ಲಿ ನೆರೆ ನೋಡಲು ಹೋದ ಹಾಗೆ, ಏಪ್ರಿಲ್ ಕೊನೆಗೆ ಬಾವಿ ನೋಡಲು ಹೋಗಿ. ಕಡಲ ಹತ್ತಿರದ ಮರಳು ನೆಲದಲ್ಲಿ ಮಳೆಯ ಸಿಹಿನೀರು ಭಾರವಾದ ಉಪ್ಪುನೀರಿನ ಮೇಲೆ ತೇಲಿಕೊಂಡಿರುತ್ತದೆ. ಕಡಲ ಮಟ್ಟಕ್ಕಿಂತ ಒಂದಡಿ ಮೇಲೆ ಸಿಹಿನೀರಿದ್ದರೆ ಕೆಳಗೆ ಸುಮಾರು 40 ಅಡಿ ಸಿಹಿನೀರು ಇರಬಹುದು ಎಂಬುದು ಅಂದಾಜು. ಇದರ ಇನ್ನೊಂದು ಮುಖ ನೋಡಿ: ಜೋರಾಗಿ ಪಂಪ್ ಹಾಕಿ ಮೇಲಿನ ಮಟ್ಟ ಒಂದಡಿ ಇಳಿಸಿದರೆ ಅದೇ ಲೆಕ್ಕದಲ್ಲಿ ಕೆಳಗಿನಿಂದ ಉಪ್ಪುನೀರು ಸುಮಾರು 40 ಅಡಿ ಮೇಲೇರಬಹುದು. ಅದಕ್ಕೇ ಇಲ್ಲಿ ಆಳದ ಬೋರ್‌ವೆಲ್‌ಗಿಂತ ಅಗಲವಾದ, ಆಳವಿಲ್ಲದ ಬಾವಿಯೇ ಒಳ್ಳೆಯದು. ನೀರು ಸ್ವಲ್ಪ ಸ್ವಲ್ಪವೇ ಎತ್ತಬೇಕು.

ಬಾಯಿಗೆ ಹಾಕಿ ನೋಡುವುದು ಸಾಲದು. ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸಿ. ಕುಡಿಯುವ ನೀರಿಗೆ ಭಾರತೀಯ ಮಾನದಂಡದಲ್ಲಿ ಕರಗಿದ ಲವಣ ಲೀಟರಿಗೆ 500 ಮಿಲಿಗ್ರಾಂ, ಕ್ಲೋರೈಡ್ 250 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು. ಜೊತೆಗೆ ಕೊಳಚೆ ಸೇರಿದೆಯೇ ಎಂದು ತಿಳಿಸುವ ಕೋಲಿಫಾರ್ಮ್ ಬ್ಯಾಕ್ಟೀರಿಯಾ ಪರೀಕ್ಷೆಯೂ ಬೇಕು. ಉಳ್ಳಾಲದ ಎಲ್ಲ ಕಡೆ ಒಳಚರಂಡಿ ಇಲ್ಲ, ಮನೆಗಳಿಗೆ ಇಂಗುಗುಂಡಿಯೇ ಗತಿ. ಮರಳು ನೆಲದಲ್ಲಿ ಪಕ್ಕದ ಮನೆಯ ಗುಂಡಿ ನಿಮ್ಮ ಬಾವಿಯ ಹತ್ತಿರ ಇದ್ದರೆ ತೊಂದರೆ ನಿಮಗೆ. ನಳ್ಳಿ ನೀರು ವಾರಕ್ಕೆ ಎಷ್ಟು ದಿನ ಬರುತ್ತದೆ, ಮೇ ತಿಂಗಳಲ್ಲಿ ಟ್ಯಾಂಕರ್ ತರಿಸುತ್ತಾರಾ ಎಂದು ಮಾರುವವರ ಬದಲು ಅದೇ ಓಣಿಯ ಹೆಂಗಸರ ಹತ್ತಿರ ಕೇಳಿ. ಸರಿಯಾದ ಉತ್ತರ ಅಲ್ಲಿ ಸಿಗುತ್ತದೆ.

ಹಂತ 5: ಜಾಗದ ಮೂಲ

ಇಲ್ಲಿ ನಿಧಾನ ಮಾಡಿ. ಈ ಜಿಲ್ಲೆ 1956ರವರೆಗೆ ಮದ್ರಾಸಿಗೆ ಸೇರಿತ್ತು. ಭೂಮಿಯ ಪದ್ಧತಿ ಘಟ್ಟದ ಮೇಲಿನಂತೆ ಅಲ್ಲ. ಬೆಂಗಳೂರಿನ ವಕೀಲರಿಗೆ ಕಾಗದ ಕಳಿಸಿ ಅಭಿಪ್ರಾಯ ತರಿಸುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ, ಇಲ್ಲಿನ ಕೋರ್ಟಿನಲ್ಲಿ ಪಳಗಿದ ಸಿವಿಲ್ ವಕೀಲರನ್ನೇ ಹಿಡಿಯಿರಿ.

ಮೊದಲು ಜಾಗ ಯಾವ ಜಾತಿಯದು ಎಂದು ಗೊತ್ತಾಗಬೇಕು. ವರ್ಗ ಜಾಗವಾದರೆ ಪೂರ್ತಿ ಹಕ್ಕಿನದು, ತೊಂದರೆ ಕಡಿಮೆ. ಮೂಲಗೇಣಿಯಾದರೆ ಅದು ತಲೆತಲಾಂತರದ ಶಾಶ್ವತ ಗೇಣಿ. ಮನೆ ಗೇಣಿದಾರರದು, ನೆಲದ ಮೂಲ ಹಕ್ಕು ಇನ್ನೊಬ್ಬರದು. ಗೇಣಿದಾರರಿಗೆ ಒಡೆತನ ಕೊಡಲು 2011ರ ಕಾಯ್ದೆ ಇದೆ. ಆದರೆ ಈ ಜಾಗದ ಮೂಲ ಹಕ್ಕು ನಿಜವಾಗಿ ತೀರಿದೆಯೇ ಎಂಬುದಕ್ಕೆ ಕಾಗದ ಬೇಕು. ಭೂಸುಧಾರಣೆಯಲ್ಲಿ ಬಂದ ಜಾಗಕ್ಕೆ ಇಲ್ಲಿ ಡಿಕ್ಲರೇಶನ್ ಆದ ಜಾಗ ಎನ್ನುತ್ತಾರೆ. ಅದಕ್ಕೆ ಭೂ ನ್ಯಾಯಮಂಡಳಿಯ ಆದೇಶ ಮತ್ತು ಫಾರ್ಮ್ 10 (ಅಧಿಭೋಗದ ಪ್ರಮಾಣಪತ್ರ) ಎರಡೂ ನೋಡಿ. ಆದೇಶದಲ್ಲಿರುವ ಅಳತೆ ಮತ್ತು ಈಗಿನ ಆರ್‌ಟಿಸಿಯ ಅಳತೆ ತಾಳೆಯಾಗಬೇಕು.

ಕುಮ್ಕಿ ವಿಷಯದಲ್ಲಿ ಬಹಳ ಜನ ಸಿಕ್ಕಿಬೀಳುತ್ತಾರೆ. ವರ್ಗ ಜಾಗಕ್ಕೆ ಅಂಟಿಕೊಂಡ, ಸೊಪ್ಪು ಕಟ್ಟಿಗೆಗೆ ಬಿಟ್ಟ ಸರ್ಕಾರಿ ಜಾಗ ಅದು. ಅನುಭವಿಸುವ ಸವಲತ್ತು ಮಾತ್ರ, ಮಾರುವ ಹಕ್ಕಿಲ್ಲ. 10 ಸೆಂಟ್ಸ್ ವರ್ಗ ಇದೆ, ಹಿಂದೆ 8 ಸೆಂಟ್ಸ್ ಕುಮ್ಕಿ ಇದೆ, ಕಂಪೌಂಡ್ ಒಟ್ಟಿಗೇ ಹಾಕಿದ್ದೇವೆ ಎಂದರೆ ನೀವು ದುಡ್ಡು ಕೊಡಬೇಕಾದ್ದು 10 ಸೆಂಟ್ಸ್‌ಗೆ ಮಾತ್ರ. ಸರ್ಕಾರಿ ಜಾಗದಲ್ಲಿ ಕಟ್ಟಿ ಆಮೇಲೆ ಸಕ್ರಮವಾದ 94ಸಿ, 94ಸಿಸಿ ಹಕ್ಕುಪತ್ರದ ಮನೆಗಳಿಗೂ, ಅಕ್ರಮ ಸಕ್ರಮದ ಜಾಗಕ್ಕೂ ಇಷ್ಟು ವರ್ಷ ಮಾರಬಾರದು ಎಂಬ ಷರತ್ತಿರುತ್ತದೆ, ಹಕ್ಕುಪತ್ರದ ಹಿಂದಿನ ಪುಟ ಓದಿ. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಾಗವಾದರೆ 1978ರ ಪಿಟಿಸಿಎಲ್ ಕಾಯ್ದೆ ಅನ್ವಯಿಸುತ್ತದೆ. ಸರ್ಕಾರದ ಅನುಮತಿ ಇಲ್ಲದ ಮಾರಾಟ ಊರ್ಜಿತವಲ್ಲ, ಜಾಗ ಮೂಲ ಕುಟುಂಬಕ್ಕೆ ವಾಪಸ್ ಹೋಗುತ್ತದೆ. ಹೋಗಬೇಕಾದ್ದೂ ನ್ಯಾಯವೇ. ದೇವಸ್ಥಾನದ, ವಕ್ಫ್‌ನ, ಚರ್ಚಿನ ಜಾಗವೇ ಎಂಬುದನ್ನೂ ಇದೇ ಹೊತ್ತಿಗೆ ವಿಚಾರಿಸಿ.

ಎರಡನೆಯದು ಕುಟುಂಬ. ಬಂಟರು, ಬಿಲ್ಲವರು, ಮೊಗವೀರರ ಹಳೆ ಆಸ್ತಿ ಅಳಿಯಸಂತಾನ ಕಟ್ಟಿನಲ್ಲಿ ಬಂದದ್ದು, ಹಕ್ಕು ತಾಯಿಯ ಕಡೆಯಿಂದ ಹರಿಯುತ್ತದೆ. ಮನೆಯಲ್ಲಿ ಯಜಮಾನರು ಇರುತ್ತಾರೆ, ಆದರೆ ಆಸ್ತಿ ಇಡೀ ಕುಟುಂಬದ್ದು. 1949ರ ಅಳಿಯಸಂತಾನ ಕಾಯ್ದೆಯಡಿ ಕವರು (ತಾಯಿಯ ಕಡೆಯ ಕುಟುಂಬ ಶಾಖೆ) ಪ್ರಕಾರ ಪಾಲಾದ ಆಸ್ತಿಯಾದರೆ ಪಾಲುಪತ್ರವನ್ನು ಒಂದೊಂದೇ ಸಾಲು ಓದಿಸಿ. ನಿಸ್ಸಂತತಿ ಕವರಿಗೆ, ಎಂದರೆ ಮುಂದುವರಿಸುವ ಹೆಣ್ಣು ಸಂತತಿ ಇಲ್ಲದ ಶಾಖೆಗೆ, ಬಂದ ಪಾಲು ಹಲವು ಸಲ ಜೀವಿತಾವಧಿಯ ಹಕ್ಕು ಮಾತ್ರ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದ ಮೇಲೆ ಅದರಲ್ಲಿ ಏನು ಬದಲಾಯಿತು ಎಂಬುದರ ಮೇಲೆ ಕೋರ್ಟುಗಳಲ್ಲಿ ವರ್ಷಗಟ್ಟಲೆ ವಾದ ನಡೆದಿದೆ. ನಾಲ್ಕು ತಲೆಮಾರಿನ ವಂಶವೃಕ್ಷ ಕೇಳಿ. ಮುಂಬೈಯಲ್ಲಿ ನೆಲೆಸಿದ ದೊಡ್ಡಮ್ಮನ ಮಕ್ಕಳ ಹೆಸರು ಅದರಲ್ಲಿ ಇದೆಯೇ ಎಂದು ನೋಡಿ.

ಮುಸ್ಲಿಂ ಕುಟುಂಬದಲ್ಲಿ ಮಗಳಿಗೆ ಪಾಲಿದೆ. ಕ್ರೈಸ್ತರಲ್ಲಿ ಮಗ ಮಗಳಿಗೆ ಸಮಪಾಲು. ಮದುವೆ ಮಾಡಿಕೊಟ್ಟಾಯಿತು, ಅವಳು ಕೇಳುವುದಿಲ್ಲ ಎಂಬ ಮಾತಿಗೆ ಕಾನೂನಿನಲ್ಲಿ ಬೆಲೆ ಇಲ್ಲ. ಎಲ್ಲ ಅಕ್ಕ-ತಂಗಿಯರ ಸಹಿ, ಇಲ್ಲವೇ ನೋಂದಾಯಿತ ಹಕ್ಕು ಬಿಡುಗಡೆ ಪತ್ರ ಬೇಕು. ಅವರಿಗೆ ಸೇರಬೇಕಾದ ದುಡ್ಡು ಸೇರಿದೆಯೇ ಎಂದು ನೇರವಾಗಿ ಕೇಳಲು ಸಂಕೋಚ ಬೇಡ. ಅದು ಅವರಿಗೂ ಒಳ್ಳೆಯದು, ನಿಮಗೂ ಒಳ್ಳೆಯದು. ಅಪ್ರಾಪ್ತ ಮಕ್ಕಳ ಪಾಲಿದ್ದರೆ ಕೋರ್ಟಿನ ಅನುಮತಿ ಬೇಕೇ ಎಂದು ವಕೀಲರಿಂದ ಖಚಿತ ಮಾಡಿಕೊಳ್ಳಿ.

ಮೂರನೆಯದು ಕಾಗದದ ಕಟ್ಟು. ಕಡಿಮೆಯೆಂದರೆ 30 ವರ್ಷದ ಮೂಲ ದಸ್ತಾವೇಜು, ಆರ್‌ಟಿಸಿ, ಮ್ಯುಟೇಶನ್, ಸರ್ವೆ ನಕ್ಷೆ, ಋಣಭಾರ ಪತ್ರ. ನೋಂದಣಿ ಇಲಾಖೆಯ ಕಾವೇರಿ ತಾಣದಲ್ಲಿ 2004ರಿಂದ ಈಚಿನ ಋಣಭಾರ ಪತ್ರ ಸಿಗುತ್ತದೆ, ಹಿಂದಿನದಕ್ಕೆ ಸಬ್ ರಿಜಿಸ್ಟ್ರಾರ್ ಕಚೇರಿಗೆ ಅರ್ಜಿ ಹಾಕಿ. ಸರ್ವೆ ನಂಬರಿನ ಒಂದು ಭಾಗ ಮಾತ್ರ ಮಾರುವುದಾದರೆ 11ಇ ನಕ್ಷೆ ಬೇಕು. ಪ್ಲಾಟಿಂಗ್ (ಒಬ್ಬೊಬ್ಬರ ಪಾಲು ಬೇರೆಬೇರೆಯಾಗಿ ಅಳೆಯುವುದು) ಆಗದ ಜಂಟಿ ಆರ್‌ಟಿಸಿ ಆದರೆ ನಿಮ್ಮ ಗಡಿ ನಿಜವಾಗಿ ಎಲ್ಲಿ ಎಂಬುದು ಯಾರಿಗೂ ಗೊತ್ತಿರುವುದಿಲ್ಲ, ಅದು ಮುಗಿಯುವವರೆಗೆ ಕಾಯಿರಿ. ಮನೆ ನಿವೇಶನಕ್ಕೆ ಕನ್ವರ್ಷನ್ (ಭೂ ಪರಿವರ್ತನೆ) ಆದೇಶ, ಮಂಗಳೂರು ನಗರಾಭಿವೃದ್ಧಿ ಪ್ರಾಧಿಕಾರದ (ಮುಡಾ) ಏಕ ನಿವೇಶನ ಅನುಮೋದನೆ ಕೇಳಿ. ನಗರಸಭೆ, ಪುರಸಭೆ ವ್ಯಾಪ್ತಿಯಲ್ಲಿ ಇ-ಖಾತೆ, ಗ್ರಾಮ ಪಂಚಾಯತ್‌ನಲ್ಲಿ ಇ-ಸ್ವತ್ತಿನ ನಮೂನೆ 9 ಮತ್ತು 11 ಇಲ್ಲದೆ ಈಗ ರಿಜಿಸ್ಟ್ರಿ ಆಗುವುದಿಲ್ಲ.

ಗಲ್ಫಿನಲ್ಲಿರುವ ಓದುಗರಿಗೆ ಒಂದು ಮಾತು. ಅನಿವಾಸಿ ಭಾರತೀಯರು ಮನೆ, ಫ್ಲ್ಯಾಟ್, ಕನ್ವರ್ಷನ್ ಆದ ನಿವೇಶನ ಕೊಳ್ಳಬಹುದು. ಕೃಷಿ ಜಮೀನು, ತೋಟ, ಫಾರ್ಮ್‌ಹೌಸ್ ಕೊಳ್ಳುವಂತಿಲ್ಲ. 2020ರಲ್ಲಿ ಕರ್ನಾಟಕದಲ್ಲಿ ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು ಎಂದಾದದ್ದು ನಿಮಗೆ ಅನ್ವಯಿಸುವುದಿಲ್ಲ.

ಹಂತ 6: ನಾಗಬನ, ದೈವದ ಕಟ್ಟೆ, ಕಾಲುದಾರಿ

ಹಳೆ ಹಿತ್ತಲಿನ ಮೂಲೆಯಲ್ಲಿ ನಾಗಬನ ಇರಬಹುದು, ದೈವದ ಕಟ್ಟೆ ಇರಬಹುದು. ಮಾರಿದ ಮೇಲೂ ಕುಟುಂಬದವರು ವರ್ಷಕ್ಕೊಮ್ಮೆ ತಂಬಿಲದ ಪೂಜೆಗೆ ಬರುತ್ತಾರೆ. ಅವರಿಗೆ ಬರುವ ದಾರಿ ಯಾವುದು, ಎಷ್ಟು ಸೆಂಟ್ಸ್ ಬಿಡುತ್ತಾರೆ, ದೀಪ ಇಡುವುದು ಯಾರು ಎಂದು ಮೊದಲೇ ಕೂತು ಮಾತಾಡಿ ಕ್ರಯಪತ್ರದಲ್ಲಿ ಬರೆಸಿ. ನಿಮಗೆ ನಂಬಿಕೆ ಇರಲಿ, ಇಲ್ಲದಿರಲಿ, ಆ ಮರಗಳನ್ನು ಕಡಿಯುವ ಯೋಚನೆ ಮಾತ್ರ ಬೇಡ.

ಗದ್ದೆ ಹುಣಿಯ (ಬದುವಿನ) ಮೇಲೆ, ಹಿತ್ತಲಿನ ನಡುವೆ ಜನ ತಲೆಮಾರುಗಳಿಂದ ನಡೆದ ದಾರಿಗಳಿಗೂ ಹಕ್ಕಿದೆ. ಕಡಲ ಬದಿಯಲ್ಲಿ ಇದು ಇನ್ನೂ ಸೂಕ್ಷ್ಮ. ದೋಣಿ ಎಳೆಯುವ, ಬಲೆ ಹರಡುವ, ಕೈರಂಪಣಿ (ದಡಕ್ಕೆ ಎಳೆಯುವ ದೊಡ್ಡ ಬಲೆ) ಹಾಕುವ ಜಾಗಕ್ಕೆ ಹೋಗುವ ದಾರಿಗೆ ಬೇಲಿ ಹಾಕಿದವರಿಗೆ ಊರಿನಲ್ಲಿ ನೆಮ್ಮದಿ ಸಿಗುವುದಿಲ್ಲ. ಅದೇ ರೀತಿ ನಿಮ್ಮ ಜಾಗಕ್ಕೆ ಬರುವ ರಸ್ತೆ ಯಾರ ಹೆಸರಿನಲ್ಲಿದೆ ಎಂದೂ ನೋಡಿ. ಕಾರು ಹೋಗುತ್ತದೆ ಎಂಬುದು ಹಕ್ಕಲ್ಲ, ದಸ್ತಾವೇಜಿನಲ್ಲಿ ಅಗಲ ಸಮೇತ ಬರೆದಿರಬೇಕು.

ಹಂತ 7: ಈಗ ಮನೆ

ಹಂಚಿನ ಮನೆಯಾದರೆ ಖುಷಿಯಿಂದ ನೋಡಿ. ನೇತ್ರಾವತಿಯ ಆಚೆ ದಡದ ಜೆಪ್ಪಿನಲ್ಲಿ ಬಾಸೆಲ್ ಮಿಷನ್ 1865ರಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ್ದು, ಆ ಪರಂಪರೆಯ ಹಂಚು ಈಗಲೂ ಎಷ್ಟೋ ಮಾಡುಗಳ (ಛಾವಣಿಗಳ) ಮೇಲಿದೆ. ಹಂಚಲ್ಲ, ಅದರ ಕೆಳಗಿನ ಮರದ ಪಕ್ಕಾಸು, ರೀಪು ನೋಡಬೇಕು. ಗೋಡೆಯ ಮೇಲೆ ಕೂರುವ ತುದಿಯಲ್ಲಿ ಸ್ಕ್ರೂಡ್ರೈವರ್ ಒತ್ತಿ, ಒಳಗೆ ಇಳಿದರೆ ಒರಲೆ (ಗೆದ್ದಲು) ತಿಂದಿದೆ. ಕೆಂಪುಕಲ್ಲಿನ ಗೋಡೆಗೆ ಹಿಂದೆ ಸುಣ್ಣದ ಗಾರೆ ಹಾಕುತ್ತಿದ್ದರು, ಅದರಿಂದ ತೇವ ಹೊರಗೆ ಹೋಗುತ್ತಿತ್ತು. ಅದರ ಮೇಲೆ ಸಿಮೆಂಟ್ ಗಾರೆ, ಪ್ಲಾಸ್ಟಿಕ್ ಪೇಂಟ್ ಹೊಡೆದಿದ್ದರೆ ತೇವ ಒಳಗೇ ಕೂತು ಬಣ್ಣ ಗುಳ್ಳೆ ಏಳುತ್ತದೆ. ಗುಳ್ಳೆ ಕಂಡ ಕೂಡಲೇ ಮನೆ ಕೆಟ್ಟದು ಎನ್ನಬೇಡಿ, ಗಾರೆ ತೆಗೆದು ಸುಣ್ಣಕ್ಕೆ ಮರಳಿದರೆ ಅನೇಕ ಗೋಡೆಗಳು ಸರಿಯಾಗುತ್ತವೆ.

ಹೆದರಬೇಕಾದ್ದು ಹಳೆ ಟೆರೇಸ್ ಮನೆ, ಹಳೆ ಫ್ಲ್ಯಾಟ್‌ಗಳಿಗೆ. ಉಪ್ಪು ಕಾಂಕ್ರೀಟಿನೊಳಗೆ ಇಳಿದರೆ ಕಬ್ಬಿಣಕ್ಕೆ ತುಕ್ಕು ಹಿಡಿಯುತ್ತದೆ, ತುಕ್ಕು ಕಬ್ಬಿಣಕ್ಕಿಂತ ಜಾಸ್ತಿ ಜಾಗ ಬೇಡುತ್ತದೆ, ಕಾಂಕ್ರೀಟು ಒಳಗಿನಿಂದಲೇ ಸಿಡಿಯುತ್ತದೆ. ಬಾಲ್ಕನಿಯ ಅಡಿ, ಸಜ್ಜ, ಬಾತ್‌ರೂಮಿನ ಸ್ಲ್ಯಾಬ್ ನೋಡಿ. ಸರಳಿನ ಉದ್ದಕ್ಕೇ ನೇರವಾದ ಬಿರುಕು, ಕಂದು ಕಲೆ, ತಟ್ಟಿದರೆ ಪೊಳ್ಳು ಸದ್ದು ಇದ್ದರೆ ಸ್ಟ್ರಕ್ಚರಲ್ ಎಂಜಿನಿಯರ್ ಬಾರದೆ ಮುಂದೆ ಹೋಗಬೇಡಿ. ಹೊಸದಾಗಿ ಬಣ್ಣ ಬಳಿದ ಸೀಲಿಂಗ್ ಇದ್ದರೆ ಇನ್ನೂ ಎಚ್ಚರ. ಹೊಸ ಪ್ರಾಜೆಕ್ಟ್ ಆದರೆ, 500 ಚದರ ಮೀಟರಿಗಿಂತ ಜಾಸ್ತಿ ಜಾಗ ಅಥವಾ 8ಕ್ಕಿಂತ ಜಾಸ್ತಿ ಫ್ಲ್ಯಾಟ್ ಇರುವುದು ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರವಾದ ರೇರಾದಲ್ಲಿ ನೋಂದಣಿ ಆಗಿರಲೇಬೇಕು.

ಹಂತ 8: ಮುಂಗಡ, ರಿಜಿಸ್ಟ್ರಿ

ಬಾಯಿಮಾತಿಗೆ ಮುಂಗಡ ಬೇಡ. ಮೊದಲು ಪತ್ರಿಕೆಯಲ್ಲಿ ಸಾರ್ವಜನಿಕ ಪ್ರಕಟಣೆ ಕೊಡಿಸಿ, ಆಕ್ಷೇಪಣೆಗೆ 15 ದಿನ ಬಿಡಿ. ಕರಾರುಪತ್ರವನ್ನು ನೋಂದಣಿ ಮಾಡಿಸಿ, ಅಳತೆ ಕಡಿಮೆ ಬಂದರೆ ಸೆಂಟ್ಸ್ ಲೆಕ್ಕದಲ್ಲಿ ದುಡ್ಡು ಇಳಿಸುವ ಷರತ್ತು ಹಾಕಿ.

ಖರ್ಚಿನ ಲೆಕ್ಕ ಮೊದಲೇ ಇರಲಿ. ನಗರ ವ್ಯಾಪ್ತಿಯಲ್ಲಿ ಸ್ಟ್ಯಾಂಪ್ ಡ್ಯೂಟಿ ಶೇ 5, ಅದರ ಮೇಲೆ ಸೆಸ್ ಮತ್ತು ಸರ್‌ಚಾರ್ಜ್ ಸೇರಿ ಶೇ 5.6. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 2 ಆಗಿದೆ. ಒಟ್ಟು ಶೇ 7.6. 60 ಲಕ್ಷದ ಮನೆಗೆ 4,56,000 ರೂಪಾಯಿ. ಸರ್ಕಾರ ಗೊತ್ತುಮಾಡಿದ ಮಾರ್ಗಸೂಚಿ ದರ ನಿಮ್ಮ ಬೆಲೆಗಿಂತ ಜಾಸ್ತಿ ಇದ್ದರೆ ಲೆಕ್ಕ ಅದರ ಮೇಲೆ. ಬೆಲೆ 50 ಲಕ್ಷ ಅಥವಾ ಮೇಲಿದ್ದರೆ ಶೇ 1 ಟಿಡಿಎಸ್ ಹಿಡಿದು ಕಟ್ಟುವ ಹೊಣೆ ಕೊಳ್ಳುವ ನಿಮ್ಮದು.

ಮಾರುವವರು ದುಬೈಯಲ್ಲೋ ಕುವೈತಿನಲ್ಲೋ ಇದ್ದರೆ ಈ ಶೇ 1ರ ನಿಯಮ ಇಲ್ಲ. ಅನಿವಾಸಿಗಳಿಂದ ಕೊಳ್ಳುವಾಗ ಬೆಲೆ ಎಷ್ಟೇ ಇರಲಿ ಟಿಡಿಎಸ್ ಹಿಡಿಯಬೇಕು, ದರವೂ ಬಹಳ ಜಾಸ್ತಿ. ಹಿಡಿಯದಿದ್ದರೆ ತೆರಿಗೆಯವರು ನಿಮ್ಮನ್ನೇ ಕೇಳುತ್ತಾರೆ. ಒಬ್ಬ ಚಾರ್ಟರ್ಡ್ ಅಕೌಂಟೆಂಟ್ ಹತ್ತಿರ ಕೂರಲೇಬೇಕು. ಅವರ ಪರವಾಗಿ ಊರಿನ ಅಣ್ಣನೋ ಭಾವನೋ ಪವರ್ ಆಫ್ ಅಟಾರ್ನಿ ಹಿಡಿದು ಬಂದರೆ ಅದಕ್ಕೆ ಅಲ್ಲಿನ ಭಾರತೀಯ ರಾಯಭಾರ ಕಚೇರಿಯ ಮುದ್ರೆ ಇದೆಯೇ, ಇಲ್ಲಿಗೆ ಬಂದ ಮೂರು ತಿಂಗಳೊಳಗೆ ಸ್ಟ್ಯಾಂಪ್ ಕಟ್ಟಿದ್ದಾರೆಯೇ, ಮಾರುವ ಅಧಿಕಾರ ಸ್ಪಷ್ಟವಾಗಿ ಬರೆದಿದೆಯೇ ನೋಡಿ. ಕೊಟ್ಟವರು ತೀರಿಹೋದರೆ ಆ ಪತ್ರವೂ ಮುಗಿಯಿತು. ಆದ್ದರಿಂದ ರಿಜಿಸ್ಟ್ರಿಯ ದಿನ ವಿಡಿಯೋ ಕಾಲ್‌ನಲ್ಲಿ ಅವರ ಹತ್ತಿರ ಮಾತಾಡಿ. ದುಡ್ಡು ಜಾಗದ ಒಡೆಯರ ಖಾತೆಗೇ ಹೋಗಲಿ.

ಹಂತ 9: ಬೀಗದ ಕೈ ಸಿಕ್ಕಿದ ಮೇಲೆ

ರಿಜಿಸ್ಟ್ರಿ ಆದರೆ ಮುಗಿಯಿತು ಎಂದು ಸುಮ್ನೆ ಕೂರಬೇಡಿ. ಆರ್‌ಟಿಸಿ ಇದ್ದರೆ ಮ್ಯುಟೇಶನ್, ಖಾತೆ ಬದಲಾವಣೆ, ಮನೆ ತೆರಿಗೆ, ಮೆಸ್ಕಾಂ ಮೀಟರ್, ನೀರಿನ ಸಂಪರ್ಕ ಎಲ್ಲವನ್ನೂ ನಿಮ್ಮ ಹೆಸರಿಗೆ ಮಾಡಿಸಿ. ನಾಲ್ಕು ಮೂಲೆಗೆ ಕಲ್ಲು ಹಾಕಿಸಿ, ಹಾಕುವಾಗ ಅಕ್ಕಪಕ್ಕದವರನ್ನು ಕರೆಯಿರಿ.

ಉಪ್ಪುಗಾಳಿಯ ಊರಿನಲ್ಲಿ ಸಾಮಾನು ಆರಿಸುವುದೇ ಬೇರೆ. ಕಿಟಕಿಗೆ ಸಾದಾ ಕಬ್ಬಿಣ ಬೇಡ. ಏಸಿಯ ಹೊರಗಿನ ಯೂನಿಟ್ ಕಡಲಿನ ಕಡೆ ಮುಖ ಮಾಡಿ ಇಡಬೇಡಿ. ರಿಪೇರಿ ಎಲ್ಲ ಮೇ ಎರಡನೇ ವಾರದೊಳಗೆ ಮುಗಿಯಲಿ: ಒಡೆದ ಹಂಚು, ಮಾಡಿನ ನೀರು ಹರಿಯುವ ದಂಬೆ, ತೋಡಿನ ಹೂಳು. ಜೂನ್ ಬಂದ ಮೇಲೆ ಮಾಡು ಹತ್ತುವವರು ಸಿಗುವುದಿಲ್ಲ.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ರಜೆ, ಆಗ ಮೀನು ತುಟ್ಟಿ, ನಾಡದೋಣಿಯವರು ತಂದದ್ದೇ ಸಿಗುತ್ತದೆ. ಐದು ವರ್ಷಕ್ಕೊಮ್ಮೆ ದರ್ಗಾದ ಉರೂಸ್ ನಡೆಯುವಾಗ ದಿನಗಟ್ಟಲೆ ರಸ್ತೆ ತುಂಬಿರುತ್ತದೆ, ಆ ದಿನಗಳಲ್ಲಿ ಮನೆ ಸಾಗಿಸುವ ಕೆಲಸ ಇಟ್ಟುಕೊಳ್ಳಬೇಡಿ. ಓಣಿಯಲ್ಲಿ ತುಳು, ಬ್ಯಾರಿ, ಕೊಂಕಣಿ, ಮಲಯಾಳ ಎಲ್ಲ ಕೇಳುತ್ತದೆ. ಕನ್ನಡ ಎಲ್ಲರಿಗೂ ಬರುತ್ತದೆ, ಆದರೂ ತುಳು ಕಲಿಯಿರಿ. ಬಾವಿ ಕೆರೆಸುವವರು, ಮಾಡು ಕಟ್ಟುವವರು, ತೆಂಗಿನಕಾಯಿ ಕೀಳುವವರು ಯಾರು ಎಂದು ಪಕ್ಕದ ಮನೆಯವರೇ ಹೇಳಬೇಕು, ಅವರ ನಂಬರ್ ಯಾವ ಆಪ್‌ನಲ್ಲೂ ಸಿಗುವುದಿಲ್ಲ.